ಕೊಟ್ಟಿಗೆ ಕಂಪನಿಯ ಎಮ್ಮೆ

ಶೆಟ್ಟಿಹಳ್ಳಿಯ ಕೃಷ್ಣಮ್ಮನ ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳ ಪಕ್ಕ ಒಂದು ಎಮ್ಮೆಯೂ ಇತ್ತು. ಅದು ಹುಲ್ಲು ತಿನ್ನುತ್ತಿರಲಿಲ್ಲ, ಹಾಲು ಕೊಡುತ್ತಿರಲಿಲ್ಲ, ಗೋಡೆಗೆ ಒರಗಿ ನಿಂತೇ ಇರುತ್ತಿತ್ತು. ಪಿಟೀಲನ್ನು ಆಳೆತ್ತರಕ್ಕೆ ಹಿಗ್ಗಿಸಿ ನೆಲಕ್ಕೆ ಊರಿದಂತಿರುವ ಆ ವಾದ್ಯಕ್ಕೆ ಡಬಲ್ ಬಾಸ್ ಎಂದು ಹೆಸರು. ಮೈಗೆಲ್ಲ ಕಪ್ಪು ಬಣ್ಣ ಬಳಿದಿತ್ತು, ಬಾಗಿಲಿಗೆ ಅಡ್ಡ ನಿಂತರೆ ದಾರಿ ಬಿಡುತ್ತಿರಲಿಲ್ಲ. ಅದಕ್ಕೇ ಕೃಷ್ಣಮ್ಮ ಅದನ್ನು ಎಮ್ಮೆ ಎಂದಳು. ಆಮೇಲೆ ಎಲ್ಲರೂ ಹಾಗೇ ಕರೆದರು.

ಎಮ್ಮೆಯ ಯಜಮಾನ ಚನ್ನು. ಹೆಸರಘಟ್ಟ ರಸ್ತೆಯ ಇಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ, ಊರು ಗದಗಿನ ಕಡೆ, ವಯಸ್ಸು ನಲವತ್ತರ ಅಂಚು. ಆ ವಾದ್ಯವನ್ನು ಫ್ರೇಜರ್ ಟೌನಿನ ಹಳೇ ಮನೆಯೊಂದರಿಂದ ಮುದ್ದಾಡಿಕೊಂಡು ತಂದವನಿಗೆ ತನ್ನ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ, ಮೆಟ್ಟಿಲು ಮಧ್ಯದಲ್ಲಿ ತಿರುಗುತ್ತದೆ ಎಂಬುದು ಬಾಗಿಲಿಗೆ ಬಂದ ಮೇಲೆ ನೆನಪಾಯಿತು. ಮದುವೆಗೆ ಮುಂಚೆ ಮನೆ ನೋಡಬೇಕು ಅನ್ನುವುದು ಇದಕ್ಕೇ. ಆಗ ಕೈಹಿಡಿದವನು ಶರತ್, ಲ್ಯಾಬಿನಲ್ಲಿ ಅವನ ಹಳೇ ವಿದ್ಯಾರ್ಥಿ. ಅಪ್ಪನ ಜೊತೆ ಸೇರಿ ತಮ್ಮ ಹೊಲದಲ್ಲೇ ಅಪಾರ್ಟ್‌ಮೆಂಟ್ ಎಬ್ಬಿಸುತ್ತಿದ್ದ ಹುಡುಗ. “ಸಾರ್, ನಮ್ಮಜ್ಜಿ ಕೊಟ್ಟಿಗೆ ಅರ್ಧ ಖಾಲಿ. ಅಲ್ಲಿಟ್ಕೊಳ್ಳಿ,” ಅಂದ. ಅಜ್ಜಿ ಬೇಡ ಅನ್ನಲಿಲ್ಲ. ಸೊಳ್ಳೆಗೆ ಹಾಕುವ ಹೊಗೆಯಿಂದ ಮರಕ್ಕೂ ಒಳ್ಳೆಯದು ಎಂದಳು.

ಹಾಗೆ ಅಲ್ಲಿ ಒಂದು ಬ್ಯಾಂಡ್ ಹುಟ್ಟಿತು. ಗಂಗಾನಗರದ ಹೇಮಂತ ಗಿಟಾರ್ ಹಿಡಿದ, ಆರ್.ಟಿ. ನಗರದ ರಕ್ಷಾ ಹಾಡಿದಳು, ಚನ್ನು ಎಮ್ಮೆಯನ್ನು ತಬ್ಬಿ ನಿಂತ. ಹೆಸರು ‘ಕೊಟ್ಟಿಗೆ ಕಂಪನಿ’. ಚನ್ನುವಿಗೆ ಕಂಪನಿ ಎಂದರೆ ನಾಟಕದ ಕಂಪನಿಯೇ. ಅವನಪ್ಪ ಮುರಿಗೆಪ್ಪ ಅಂಥ ಒಂದರಲ್ಲಿ ತಬಲಾ ನುಡಿಸುತ್ತಿದ್ದು, ಕಂಪನಿ ಮುಳುಗಿದ ಮೇಲೆ ಯಶವಂತಪುರದ ಕಾರ್ಖಾನೆ ಸೇರಿದವನು. ಇವರು ನುಡಿಸುತ್ತಿದ್ದದ್ದು ರಾಕಬಿಲಿ. ಅಮೆರಿಕದ ಹಳ್ಳಿಗಾಡಿನ ಹೈದರು ಎಪ್ಪತ್ತು ವರ್ಷದ ಹಿಂದೆ ಕೂದಲಿಗೆ ಎಣ್ಣೆ ಮೆತ್ತಿಕೊಂಡು, ಊರ ಹಾಡನ್ನೂ ಕರಿಯರ ಕುಣಿತದ ಹಾಡನ್ನೂ ಒಂದೇ ಬಾಣಲೆಗೆ ಹಾಕಿ ಹುರಿದ ಸಂಗೀತ. ಅದರ ಒಂದು ಗುಟ್ಟೆಂದರೆ, ಡ್ರಮ್ ಇಲ್ಲದೆಯೂ ನಡೆಯುತ್ತದೆ. ಬಾಸಿನವನು ದಪ್ಪ ತಂತಿಯನ್ನು ಎಳೆದು ಬಿಡುತ್ತಾನೆ, ಅದು ಮರಕ್ಕೆ ಬಡಿಯುತ್ತದೆ. ಮರುಕ್ಷಣ ಅಂಗೈಯಲ್ಲಿ ತಂತಿಯ ಮೇಲೆ ಹೊಡೆಯುತ್ತಾನೆ. ಟಕ್ ಡುಂ ಟಕ್ ಡುಂ. ತಬಲಾದವನ ಮಗನಿಗೆ ಇದಕ್ಕಿಂತ ಇನ್ನೇನು ಬೇಕು? ಮೊದಲ ಸಲ ಕೇಳಿದಾಗಲೇ ಅವನ ಬೆರಳು ತಾವಾಗಿ ಆಡಿದ್ದವು.

ಬೇರೆಯವರಿಗೆ ಮಾತ್ರ ಅದು ಅರ್ಥವಾಗಲಿಲ್ಲ. ಯಲಹಂಕದ ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ ಸಿನಿಮಾ ಹಾಡು ಹೇಳಿ ಎಂದರು. ಪಬ್ಬಿನಲ್ಲಿ ಹಿಂದಿ ಹಾಡು ಹೇಳಿ ಎಂದರು. ರಾಜ್ಯೋತ್ಸವಕ್ಕೆ ಕರೆದವರು, ಇವರು ಕನ್ನಡದಲ್ಲೇ ಹಾಡುತ್ತಿದ್ದೇವೆ ಎಂದರೂ ನಂಬದೆ ಮೈಕ್ ಆಫ್ ಮಾಡಿದರು. ‘ಹೆಬ್ಬಾಳದ ಮೇಲೆ ನಿಂತೆ’ ಎಂಬ ಇವರದೊಂದು ಹಾಡಿತ್ತು, ಫ್ಲೈಓವರ್ ಮೇಲೆ ಟ್ರಾಫಿಕ್ಕಿಗೆ ಸಿಕ್ಕಿ ಹುಡುಗಿಯ ನಿಶ್ಚಿತಾರ್ಥವನ್ನೇ ತಪ್ಪಿಸಿಕೊಂಡವನ ಕಥೆ. ಅದು ಒಂದು ಮಳೆಗಾಲ ಎಲ್ಲರ ಫೋನಿನಲ್ಲಿ ಓಡಾಡಿ ಮಳೆಯ ಜೊತೆಗೇ ಹೋಯಿತು. ಡ್ರಮ್ಮಿನವರು ಬಂದರು, ಹೋದರು. ಹೇಮಂತನ ಕೂದಲು ಹಣೆಯ ಮೇಲೆ ಕೋಳಿಜುಟ್ಟಿನ ಹಾಗೆ ಎದ್ದು ನಿಲ್ಲುತ್ತಿದ್ದದ್ದು ಈಗ ಎಬ್ಬಿಸಿದರೂ ಏಳದಷ್ಟು ತೆಳುವಾಗಿತ್ತು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುತ್ತಾರೆ. ಇವರಿಗೆ ಮದುವೆಯೂ ಆಯಿತು, ಹುಚ್ಚೂ ಬಿಡಲಿಲ್ಲ.

ವಾರವಾರ ತಪ್ಪದೆ ಕೇಳುತ್ತಿದ್ದ ಶ್ರೋತೃ ಎಂದರೆ ಕೃಷ್ಣಮ್ಮ ಒಬ್ಬಳೇ. ಹಾಲು ಕರೆಯುತ್ತಾ ಕೇಳುತ್ತಿದ್ದಳು. ಚೆನ್ನಾಗಿದೆ ಎಂದು ಒಂದು ದಿನವೂ ಹೇಳಿದವಳಲ್ಲ. “ಅದೇನ್ ಬಡಿತೀರೋ ನಮ್ಮಪ್ಪ, ಕೋಣನ ಮುಂದೆ ಕಿನ್ನರಿ ಬಾರ್ಸ್‌ದಂಗೆ,” ಎಂದು ಗೊಣಗಿ, ಹಸುಗಳ ಕಡೆ ನೋಡಿ, “ನೀವೇನ್ ಬೇಜಾರ್ ಮಾಡ್ಕಬ್ಯಾಡಿ, ನಿಮಗಂದಿದ್ದಲ್ಲ,” ಎಂದು ಸಮಾಧಾನ ಮಾಡುತ್ತಿದ್ದಳು.

ಅವಳ ಕೊಟ್ಟಿಗೆಯಲ್ಲಿ ಒಂದೇ ಕಟ್ಟಳೆ. ಆಯುಧ ಪೂಜೆಯ ದಿನ ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ಬೋರ್‌ವೆಲ್ ಮೋಟಾರು ಎಲ್ಲಕ್ಕೂ ಪೂಜೆ, ಎಮ್ಮೆಗೂ ಪೂಜೆ. ಪೂಜೆಯಾದ ಸಾಮಾನನ್ನು ಮರುದಿನ ದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಮೊದಲ ವರ್ಷ ಇವರು ಕೇಳದೆ ಸಂಜೆ ಒಂದು ಕಾರ್ಯಕ್ರಮಕ್ಕೆ ಅದನ್ನು ಹೊತ್ತುಕೊಂಡು ಹೋಗಿದ್ದರು. ಜಾಲಹಳ್ಳಿ ದಾಟುವುದರೊಳಗೆ ತಂತಿ ಎತ್ತಿ ಹಿಡಿಯುವ ಕುದುರೆ ಮುರಿದು, ಒಳಗಿನ ಕಡ್ಡಿ ಬಿದ್ದು, ಬಾಸು ಬರೀ ಪೆಟ್ಟಿಗೆಯಾಗಿತ್ತು. ರಸ್ತೆಯ ಹಳ್ಳ ಕಾರಣ ಎಂದು ಹೇಮಂತ ಇವತ್ತಿಗೂ ವಾದಿಸುತ್ತಾನೆ. ಇರಬಹುದು. ಆದರೆ ಅಂದಿನಿಂದ ಕೊಟ್ಟಿಗೆ ಕಂಪನಿ ಆಯುಧ ಪೂಜೆಗೆ ಎಲ್ಲೂ ನುಡಿಸಲಿಲ್ಲ. ಒಳ್ಳೊಳ್ಳೆ ಕರೆಗಳನ್ನು ಬಿಟ್ಟರು. ಮೊದಮೊದಲು ಭಯಕ್ಕೆ, ಆಮೇಲೆ ಅಜ್ಜಿಯ ಮೇಲಿನ ಪ್ರೀತಿಗೆ.

ಈ ವರ್ಷ ನವರಾತ್ರಿಗೆ ಮುಂಚೆ ಒಂದು ಕರೆ ಬಂತು. ಯುರೋಪಿನ ಕಡಲತೀರದ ಊರೊಂದರಲ್ಲಿ ವರ್ಷಕ್ಕೊಮ್ಮೆ ಲೋಕದ ರಾಕಬಿಲಿ ಮಂದಿಯೆಲ್ಲ ಸೇರುವ ಮೇಳವಿದೆ. ಅದರ ಆಯೋಜಕಿ ಇಲ್ಲಿಗೆ ಬರುತ್ತಿದ್ದಾಳೆ. ಯಲಹಂಕದ ಬಯಲು ರಂಗಮಂದಿರದಲ್ಲಿ ಗುರುವಾರ ಸಂಜೆ ಇವರ ಕಾರ್ಯಕ್ರಮ ಕೇಳಿ ಹೋಗುತ್ತಾಳೆ. ಹೇಮಂತ ಆ ದಿನವೇ ಹೇಳಿಬಿಟ್ಟ: “ನೋಡು ಗುರು, ಇದಾದ್ರೆ ಆಯ್ತು. ಆಗ್ಲಿಲ್ಲ ಅಂದ್ರೆ ಗಿಟಾರ್ ಎತ್ತಿ ಅಟ್ಟದ್ ಮೇಲೆ ಇಟ್ಬಿಡ್ತೀನಿ. ನಂಗೂ ಸಾಕಾಗಿದೆ ಕಣೋ.” ಹೇಮಂತ ಬಿಟ್ಟರೆ ರಕ್ಷಾ ಬಿಡುತ್ತಾಳೆ, ಇಬ್ಬರೂ ಬಿಟ್ಟರೆ ಬಾಸೊಂದನ್ನೇ ಇಟ್ಟುಕೊಂಡು ಚನ್ನು ಏನು ಮಾಡುತ್ತಾನೆ? ಅವನಿಗೆ ಆ ವಾರ ಅನ್ನ ರುಚಿಸಲಿಲ್ಲ.

ದಿನಾಂಕಕ್ಕೆ ಹೂಂ ಅಂದವನು ಚನ್ನುವೇ. ಕಾಲೇಜಿನ ರಜಾಪಟ್ಟಿಯಲ್ಲಿ ಆಯುಧ ಪೂಜೆ ಶುಕ್ರವಾರ ಎಂದಿತ್ತು. ಗುರುವಾರ ಬಿಡುವೇ ಬಿಡುವು ಎಂದುಕೊಂಡ. ಸರ್ಕಾರಕ್ಕೆ ನವಮಿ ಶುಕ್ರವಾರ ಇರಬಹುದು, ಶೆಟ್ಟಿಹಳ್ಳಿಯ ದೇವಸ್ಥಾನದ ಐನೋರಿಗೆ ಅದು ಶುಕ್ರವಾರ ಬೆಳಗ್ಗೆಗೇ ಕಳೆದುಹೋಗುತ್ತಿತ್ತು. ಅಜ್ಜಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ವರ್ಷಗಟ್ಟಲೆ ಪಾಲಿಸಿದ ಕಟ್ಟಳೆ, ಇನ್ನೇನು ಕೇಳುವುದು ಎಂದು ಬಿಟ್ಟ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ.

ಗುರುವಾರ ಮಧ್ಯಾಹ್ನ, ಯಾವಾಗಲೂ ಬಾಸು ಸಾಗಿಸುವ ಮುದಸ್ಸಿರನ ಗೂಡ್ಸ್ ಆಟೋದಲ್ಲಿ ಕೊಟ್ಟಿಗೆಗೆ ಬಂದು ಇಳಿದ ಚನ್ನು ನಿಂತಲ್ಲೇ ನಿಂತ. ಬಾಗಿಲ ಎರಡೂ ಕಡೆ ಬಾಳೆಕಂದು. ಅಂಗಳದಲ್ಲಿ ಒಡೆದ ಬೂದುಗುಂಬಳಕಾಯಿ, ಒಳಗೆಲ್ಲ ಕುಂಕುಮ. ಗೋಡೆಗೆ ಒರಗಿದ ಎಮ್ಮೆಯ ಕಪ್ಪು ಮೈಮೇಲೆ ಅಗಲಕ್ಕೆ ಮೂರು ವಿಭೂತಿ ಪಟ್ಟೆ, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ಕೃಷ್ಣಮ್ಮ ಹೊಸ ಸೀರೆ ಉಟ್ಟು, ಹಸುವಿನ ಕೊಂಬಿಗೆ ಉಳಿದ ಹೂ ಕಟ್ಟುತ್ತಿದ್ದಳು.

“ಅಜ್ಜಿ, ಹಬ್ಬ ನಾಳೆ ಅಲ್ವಾ?”

“ನಾಳಿಕ್ಕೆ ದಸಮಿ. ಐನೋರು ಏಳವ್ರೆ. ನಿಂಗ್ಯಾರಪ್ಪ ಏಳಿದ್ದು ನಾಳೆ ಅಂತ?”

ಚನ್ನು ಸಂಜೆಯ ವಿಷಯ ಹೇಳಿದ. ಪರದೇಶದಿಂದ ಬಂದವಳ ವಿಷಯ ಹೇಳಿದ. ಇದು ತಪ್ಪಿದರೆ ಕಂಪನಿಯೇ ಇರುವುದಿಲ್ಲ ಎಂದೂ ಹೇಳಿದ. ಅಜ್ಜಿ ಹೂವಿನ ಗಂಟು ಬಿಗಿಯುತ್ತಾ ಎಲ್ಲವನ್ನೂ ಕೇಳಿದಳು.

“ಪೂಜೆ ಆಗೋಗೈತಲ್ಲಪ್ಪ,” ಅಂದಳು. ಗದರಿಸಲಿಲ್ಲ. ಅವಳ ಮುಖದಲ್ಲೂ ಸಂಕಟವೇ ಇತ್ತು. “ನಾಳೆಗಂಟ ಮುಟ್ಟಂಗಿಲ್ಲ.”

ಹೇಮಂತ ಫೋನಿನಲ್ಲಿ ಕಿರುಚಿದ. “ಲೇ, ಎತ್ಕೊಂಡ್ ಬಾರೋ ಸುಮ್ನೆ! ಅಜ್ಜಿ ಕಾಲಿಗ್ ಬೀಳ್ತೀನಿ ನಾಳೆ. ಇಲ್ಲಾಂದ್ರೆ ಬಿಡು, ಯಾರ್ದಾದ್ರೂ ಎಲೆಕ್ಟ್ರಿಕ್ ಬಾಸ್ ತರಿಸ್ತೀನಿ, ಅದನ್ನೇ ಬಾರಿಸು.”

ಎಲೆಕ್ಟ್ರಿಕ್ ಬಾಸಿನಲ್ಲಿ ಡುಂ ಇದೆ, ಟಕ್ ಇಲ್ಲ. ಟಕ್ ಇಲ್ಲದ ಮೇಲೆ ಅದು ಕೊಟ್ಟಿಗೆ ಕಂಪನಿಯೂ ಅಲ್ಲ, ರಾಕಬಿಲಿಯೂ ಅಲ್ಲ. ಎತ್ತಿಕೊಂಡು ಹೋಗುವುದೇನೂ ಕಷ್ಟವಿರಲಿಲ್ಲ. ಅಜ್ಜಿ ಅಡ್ಡ ನಿಂತಿರಲಿಲ್ಲ. ಅಡ್ಡ ನಿಂತಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಇವನನ್ನು ನಂಬಿ ಸುಮ್ಮನೆ ಕೂತಿದ್ದಳು, ಅದೇ ಕಷ್ಟ.

ಅಷ್ಟರಲ್ಲಿ ಹೊರಗೆ ಮುದಸ್ಸಿರ್ ತನ್ನ ಆಟೋ ಒರೆಸಿ ನಿಲ್ಲಿಸಿಕೊಂಡಿದ್ದ. ಹಬ್ಬದ ದಿನ ಅಂಗಳಕ್ಕೆ ಬಂದ ಯಾವ ಗಾಡಿಯೂ ಹೂವಿಲ್ಲದೆ ಹೋಗಬಾರದೆಂಬುದು ಅಜ್ಜಿಯ ಇನ್ನೊಂದು ಹಟ. ಅವಳು ಆಟೋದ ಕನ್ನಡಿಗೆ ಹಾರ ಹಾಕಿ, ಮುಂದಿನ ಚಕ್ರದ ಕೆಳಗೊಂದು, ಹಿಂದಿನ ಎರಡಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಳು.

“ಅಜ್ಜಿ, ಪೂಜೆ ಆಯ್ತಲ್ಲ,” ಅಂದ ಮುದಸ್ಸಿರ್. “ಇವಾಗ ನನ್ ಗಾಡಿನೂ ನಾಳೆವರ್ಗೂ ಇಲ್ಲೇ ನಿಲ್ಲಿಸ್ಬೇಕಾ ಏನು?”

“ಗಾಡಿ ಬ್ಯಾರೆ ಕಣಪ್ಪ. ಗಾಡೀನ ನಿಂಬೆಅಣ್ಣು ಅತ್ತಿಸಿ ಓಡಿಸ್ಬೇಕು. ಗಾಡಿ ನಿಲ್ಲಬಾರ್ದು. ಸಾಮಾನು ಕೂರ್ಬೇಕು, ಗಾಡಿ ಓಗ್ಬೇಕು.” ಅವಳ ಕೈಯಲ್ಲಿ ಇನ್ನೊಂದು ನಿಂಬೆಹಣ್ಣು ಉಳಿದಿತ್ತು. ಚನ್ನುವಿನ ಕಡೆ ತಿರುಗಿದಳು. “ಚನ್ನಪ್ಪ, ನಿನ್ ಎಮ್ಮೆ ಏನು? ಸಾಮಾನಾ, ಗಾಡಿಯಾ?”

“ಅಂದ್ರೆ?”

“ಕೂತಲ್ಲಿ ಕೆಲ್ಸ ಮಾಡೋದು ಸಾಮಾನು. ನಮ್ಮುನ್ನ ಎಲ್ಲಿಗಾರ ಕರ್ಕೊಂಡೋಗೋದು ಗಾಡಿ. ಇದು ಏನು ಅಂತ ನಂಗೊತ್ತಿಲ್ಲ. ಬಾರ್ಸೋನು ನೀನು. ನೀನೇ ಏಳು.”

ಮುದಸ್ಸಿರ್ ಕಣ್ಣು ಹೊಡೆದ. ಗಾಡಿ ಅಂತ ಹೇಳಿದರೆ ಮುಗಿಯಿತು. ಆದರೆ ಎಷ್ಟೋ ವರ್ಷಗಳಿಂದ ಚನ್ನು ತನ್ನನ್ನು ಕೇಳಿಕೊಳ್ಳದೆ ತಪ್ಪಿಸಿಕೊಂಡು ಬಂದ ಪ್ರಶ್ನೆಯನ್ನು ಈ ಮುದುಕಿ ನಿಂಬೆಹಣ್ಣು ಹಿಡಿದು ಕೇಳುತ್ತಿದ್ದಳು. ಎಲ್ಲಿಗೆ ಕರೆದುಕೊಂಡು ಹೋಯಿತು ಇದು? ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಮತ್ತೆ ಇದೇ ಕೊಟ್ಟಿಗೆ. ಗಾಣದೆತ್ತು ಕೂಡ ಇದಕ್ಕಿಂತ ದೂರ ನಡೆದಿರುತ್ತದೆ. ಜೊತೆಗೆ ಓದಿದವರು ಸೈಟು ಕೊಂಡರು, ಮನೆ ಕಟ್ಟಿಸಿದರು. ಹೆಂಡತಿ ಸ್ಮಿತಾ ಒಂದು ದಿನವೂ ಆಡಿ ತೋರಿಸಲಿಲ್ಲ, ಅದು ಅವಳ ದೊಡ್ಡತನ. ವಾರವಾರ ಇಲ್ಲಿಗೆ ಬಂದು ಬೆರಳಿನ ಚರ್ಮ ಕಿತ್ತುಹೋಗುವವರೆಗೂ ಬಡಿದು ಹೋದದ್ದು ಎಲ್ಲಿಗೋ ಮುಟ್ಟುತ್ತೇನೆ ಎಂದೇ? ಇಲ್ಲವೇ ಬಡಿಯುವುದಕ್ಕೇ? ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಇವತ್ತು ಹೋಗಬೇಕು.

“ಗಾಡಿ ಅಜ್ಜಿ,” ಅಂದ. ಕಣ್ಣು ಮಾತ್ರ ಎಮ್ಮೆಯ ಕಡೆ ಇತ್ತು, ಅಜ್ಜಿಯ ಕಡೆ ಅಲ್ಲ.

ಅಜ್ಜಿ ಹೊಸ್ತಿಲಾಚೆ ನಿಂಬೆಹಣ್ಣು ಇಟ್ಟಳು. ಬಾಸಿನ ಕೆಳತುದಿಯಲ್ಲಿ ನೆಲಕ್ಕೆ ಊರುವ ಕಬ್ಬಿಣದ ಮುಳ್ಳೊಂದಿರುತ್ತದೆ. ಚನ್ನು ಎಮ್ಮೆಯನ್ನು ಎತ್ತಿ ಆ ಮುಳ್ಳನ್ನು ಹಣ್ಣಿನ ಮೇಲೆ ಊರಿದ. ರಸ ಚಿಮ್ಮಿ ಅವನ ಚಪ್ಪಲಿಗೆ ಬಿತ್ತು. “ಓಗ್ಬುಟ್ ಬಾ,” ಅಂದಳು ಅಜ್ಜಿ. ಹಾರ ತೆಗೆಯಲು ಬಿಡಲಿಲ್ಲ.

ಹಾಗಾಗಿ ಆ ಸಂಜೆ ಯಲಹಂಕದ ರಂಗಮಂದಿರದಲ್ಲಿ ಎಮ್ಮೆ ವಿಭೂತಿ ಬಳಿದುಕೊಂಡೇ ವೇದಿಕೆ ಹತ್ತಿತು. ರಕ್ಷಾ ನೋಡಿ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ನಕ್ಕಳು, ನಗು ಹಾಡಿಗೂ ಇಳಿಯಿತು. ಹೇಮಂತನ ಗಿಟಾರು ಅಂದು ಹದಿನೆಂಟರ ಹುಡುಗನಂತೆ ಕುಣಿಯಿತು. ಚನ್ನು ಒಂದೊಂದು ಏಟು ಹಾಕಿದಾಗಲೂ ಕಪ್ಪು ಮರದಿಂದ ಬೂದಿ ಹೊಗೆಯಂತೆ ಎದ್ದು ದೀಪದಲ್ಲಿ ಕಾಣುತ್ತಿತ್ತು, ಚೆಂಡುಹೂವಿನ ಎಸಳು ಉದುರಿ ಕಾಲ ಕೆಳಗೆ ಬೀಳುತ್ತಿತ್ತು. ಜನ ಎದ್ದು ನಿಂತರು. ‘ಹೆಬ್ಬಾಳದ ಮೇಲೆ ನಿಂತೆ’ಯನ್ನು ಎರಡು ಸಲ ಹಾಡಿಸಿದರು. ಸಿನಿಮಾ ಹಾಡು ಎಂದು ಯಾರೂ ಕೂಗಲಿಲ್ಲ. ಇಷ್ಟು ಚೆನ್ನಾಗಿ ತಾವು ಹಿಂದೆಂದೂ ನುಡಿಸಿರಲಿಲ್ಲ ಎಂದು ಮೂವರಿಗೂ ನುಡಿಸುತ್ತಿರುವಾಗಲೇ ತಿಳಿದಿತ್ತು.

ಮುಗಿದ ಮೇಲೆ ಆಯೋಜಕಿ ವೇದಿಕೆಯ ಹಿಂದೆ ಬಂದಳು. ಬೆಳ್ಳಿಕೂದಲಿನ, ಸಡಗರದ ಹೆಂಗಸು. ಮೂವರ ಕೈಯನ್ನೂ ಹಿಡಿದು ಕುಲುಕಿದಳು. ಆಮೇಲೆ ಮುಚ್ಚುಮರೆ ಇಲ್ಲದೆ ಇಂಗ್ಲಿಷಿನಲ್ಲಿ ಹೇಳಿದಳು: ನೀವು ಬರಬೇಕು. ಆದರೆ ನಮ್ಮ ಮೇಳದ ಪದ್ಧತಿ ಎಂದರೆ ದೂರದ ಊರುಗಳಿಂದ ಹಾಡುವವರು ಮತ್ತು ಗಿಟಾರಿನವರು ಮಾತ್ರ ಬರುತ್ತಾರೆ, ಬಾಸೂ ಬಾಸಿನವನೂ ಮೇಳದ ಕಡೆಯಿಂದಲೇ. ಅಂಥ ದೊಡ್ಡ ವಾದ್ಯವನ್ನು ವಿಮಾನದಲ್ಲಿ ತರುವುದು ಯಾರಿಂದಾಗುತ್ತದೆ? ನಿಮ್ಮ ಬಾಸಿನವರು ತುಂಬ ಚೆನ್ನಾಗಿ ನುಡಿಸುತ್ತಾರೆ, ನಿಜಕ್ಕೂ. ನಮ್ಮವರು ಇದನ್ನು ಕೇಳಿ ಕಲಿತುಕೊಳ್ಳುತ್ತಾರೆ.

ಅವಳ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಅದಕ್ಕೇ ಅದು ಚನ್ನುವಿಗೆ ನೇರವಾಗಿ ನಾಟಿತು. ಹೇಮಂತ ನೆಲ ನೋಡುತ್ತಿದ್ದ.

“ಇಲ್ಲ,” ಅಂದಳು ರಕ್ಷಾ. “ಚನ್ನಣ್ಣ ಇಲ್ದೆ ನಾವ್ ಹೋಗಲ್ಲ. ಹೇಮಂತ, ಹೇಳೋ!”

ಹೇಮಂತ ಹೇಳಲಿಲ್ಲ. ಅವನನ್ನು ನೋಡಿ ಚನ್ನುವಿಗೆ ಮೊದಲು ಸಿಟ್ಟು ಬಂತು, ಹಿಂದೆಯೇ ಅಯ್ಯೋ ಅನ್ನಿಸಿತು. ಇವನು ಬೇಡ ಅಂದರೆ ನಾಳೆ ಗಿಟಾರು ಅಟ್ಟ ಸೇರುತ್ತದೆ. ಹೂಂ ಅಂದರೆ ಸ್ನೇಹಿತನ ಮುಖ ನೋಡಲಾರ.

“ಹೋಗ್ರೋ,” ಅಂದ ಚನ್ನು. ಊರಿನ ಮಾತು ತಾನಾಗಿ ನಾಲಿಗೆಗೆ ಬಂತು. “ಹೋಗಿ ಬರ್ರಿ. ಯಾರರ ಒಬ್ಬರು ಹೋಗಬೇಕಲ್ಲಪಾ. ನನಗ ಏನೂ ಅನಸೂದಿಲ್ಲ.”

ಅನ್ನಿಸಿತು. ಬಹಳವೇ ಅನ್ನಿಸಿತು. ಹೇಮಂತ ಅವನನ್ನು ಬಾಚಿ ತಬ್ಬಿಕೊಂಡಾಗ ಅಳು ಬಂದವನು ಹೇಮಂತ, ಬೆನ್ನು ತಟ್ಟಿದವನು ಚನ್ನು. ಎಮ್ಮೆ ಅಂದು ರಕ್ಷಾಳ ಮನೆಯ ನೆಲಮಹಡಿಯಲ್ಲಿ ಉಳಿಯಿತು.

ಶುಕ್ರವಾರ ಬೆಳಗ್ಗೆ ಮುದಸ್ಸಿರನ ಆಟೋದಲ್ಲಿ ಅದನ್ನು ವಾಪಸು ತರುವಾಗ ಊರಿಗೆಲ್ಲ ಆಯುಧ ಪೂಜೆ. ಬಸ್ಸು, ಲಾರಿ, ಸ್ಕೂಟರು ಎಲ್ಲಕ್ಕೂ ಹೂವು, ರಸ್ತೆಯ ಉದ್ದಕ್ಕೂ ಚಪ್ಪಟೆಯಾದ ನಿಂಬೆಹಣ್ಣು. ಗಾಡಿಗಳೆಲ್ಲ ಎಲ್ಲಿಗೋ ಹೊರಟಿದ್ದವು. ಚನ್ನು ಹಿಂದೆ ಕೂತು ಎಮ್ಮೆಯ ಕೊರಳು ಹಿಡಿದುಕೊಂಡಿದ್ದ. ಇದನ್ನು ಕೊಟ್ಟಿಗೆಗೆ ಇಟ್ಟು, ಅಜ್ಜಿಗೆ ಇನ್ನು ವಾರವಾರ ಬರುವುದಿಲ್ಲ ಎಂದು ಹೇಳಿ, ಸ್ಮಿತಾಳಿಗೆ ಹಬ್ಬದ ಸಾಮಾನು ತೆಗೆದುಕೊಂಡು ಮನೆಗೆ ಹೋಗಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದ.

ಕೃಷ್ಣಮ್ಮನ ಮನೆಯಲ್ಲಿ ಹಬ್ಬ ಮುಗಿದಿತ್ತು. ಅಲ್ಲಿ ದಶಮಿ. ಬಾಳೆಕಂದು ಹಸುಗಳ ಮುಂದೆ ಬಿದ್ದಿತ್ತು. ಕುಡುಗೋಲು ಕೆಳಗಿಳಿದಿತ್ತು, ಮೋಟಾರು ಓಡುತ್ತಿತ್ತು. ಅಜ್ಜಿ ಹಾಲು ಕರೆಯುತ್ತಾ ಕೂತಿದ್ದಳು.

“ಬಂದ್ಯಾ? ಎಲ್ಲಿಗ್ ಕರ್ಕೊಂಡೋಯ್ತಪ್ಪ ನಿನ್ ಗಾಡಿ?”

ಚನ್ನು ಎಮ್ಮೆಯನ್ನು ಅದರ ಜಾಗಕ್ಕೆ ಒರಗಿಸಿದ. ಹಾರದಲ್ಲಿ ಎರಡೋ ಮೂರೋ ಹೂ ಉಳಿದಿದ್ದವು.

“ಅವರಿಬ್ರನ್ನ ಕರ್ಕೊಂಡ್ ಹೋಯ್ತು ಅಜ್ಜಿ, ವಿದೇಶಕ್ಕೆ. ನನ್ನ ಇಲ್ಲಿಗೇ ತಂದು ಬಿಡ್ತು.”

ಅಜ್ಜಿಯ ಕೈ ನಿಂತಿತು. ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದೂ ನಿಂತಿತು. ಅವಳು ಅಯ್ಯೋ ಪಾಪ ಅನ್ನಲಿಲ್ಲ. ಅಂದಿದ್ದರೆ ಅವನು ಅಲ್ಲೇ ಅತ್ತುಬಿಡುತ್ತಿದ್ದ.

“ನಿನ್ನೆ ನಿಮಗೆ ಸುಳ್ಳು ಹೇಳ್ದೆ,” ಅಂದ ಅವನು. “ಇದು ಗಾಡಿ ಅಲ್ಲ. ಸಾಮಾನೇ.”

“ನಂಗೊತ್ತಿತ್ತು ಬುಡು.”

“ಗೊತ್ತಿದ್ದೂ ನಿಂಬೆಹಣ್ಣು ಇಟ್ರಾ?”

“ನಿಂಗೆ ಗೊತ್ತಾಗ್ಬೇಕಿತ್ತಲ್ಲ,” ಅಂದಳು ಅಜ್ಜಿ. ಮತ್ತೆ ಹಸುವಿನ ಕಡೆ ತಿರುಗಿ ಕೆಚ್ಚಲಿಗೆ ಕೈ ಹಾಕಿದಳು. “ಸಾಮಾನಾದ್ರೆ ದಸಮಿ ದಿನ ಸುಮ್ನೆ ನಿಲ್ಲಿಸ್ಬಾರ್ದು. ಕೆಲ್ಸ ಸುರು ಮಾಡ್ಬೇಕು. ಬಡಿ.”

ಇಷ್ಟು ವರ್ಷದಲ್ಲಿ ಅವಳು ಬಡಿ ಎಂದು ಕೇಳಿದ್ದು ಇದೇ ಮೊದಲು. ಚನ್ನು ನಿಂತೇ ಇದ್ದ. ಹೇಮಂತನ ಗಿಟಾರಿಲ್ಲ, ರಕ್ಷಾಳ ಹಾಡಿಲ್ಲ, ಬರೀ ಬಾಸು ಏನು ಹೇಳೀತು ಎಂದು ಒಂದು ಕ್ಷಣ ನಾಚಿಕೆಯಾಯಿತು. ಆಮೇಲೆ ಎಮ್ಮೆಯನ್ನು ಎದೆಗೆ ಒರಗಿಸಿಕೊಂಡ. ಮರದಲ್ಲಿ ಇನ್ನೂ ನಿಂಬೆಯ ವಾಸನೆ ಇತ್ತು. ದಪ್ಪ ತಂತಿ ಎಳೆದು ಬಿಟ್ಟ.

ಟಕ್ ಡುಂ.

ಹಾಲಿನ ಧಾರೆ ಪಾತ್ರೆಗೆ ಬಿದ್ದು ಸದ್ದು ಮಾಡಿತು. ಇನ್ನೊಂದು ಏಟು, ಇನ್ನೊಂದು ಧಾರೆ. ಅಜ್ಜಿ ತಾಳ ತಪ್ಪಲಿಲ್ಲ. ಯಾವತ್ತೂ ತಪ್ಪುತ್ತಿರಲಿಲ್ಲ ಎಂದು ಅವನಿಗೆ ಈಗ ಗೊತ್ತಾಯಿತು. ಇಷ್ಟು ವರ್ಷ ಅವಳು ಹಾಲು ಕರೆದದ್ದು ಇವನ ತಾಳಕ್ಕೆ, ಇವನು ಕೇಳಿಸಿಕೊಂಡೇ ಇರಲಿಲ್ಲ. ಚನ್ನು ಕಣ್ಣೊರೆಸಿಕೊಳ್ಳಲು ಕೈ ಬಿಡಲಿಲ್ಲ. ಪಾತ್ರೆ ತುಂಬುವವರೆಗೂ ಬಡಿದ.